ಪ್ರತಿಕ್ರಿಯೆ: ಪಿಂಚಣಿ ಕೇಳಿದ ಮಾಜಿ ಸೈನಿಕರಿಗೆ ಬೈಗುಳ ಯಾಕೆ?

ನಿಮ್ಮ ಚಿಕ್ಕಪ್ಪ ನಿವೃತ್ತ ಸುಬೇದಾರ್, ಪಿಂಚಣಿ ಬಗ್ಗೆ ಸರ್ಕಾರವನ್ನು ಟೀಕಿಸಿದ್ದಕ್ಕೆ ಊರವರೇ ಬೈದರು, ಇದು ಹೊಸದಾ ಎಂದು ಕೇಳಿದ್ದೀರಿ. ಹೊಸದಲ್ಲ ಸರ್.

'ಸಮಾನ ಶ್ರೇಣಿ, ಸಮಾನ ಪಿಂಚಣಿ' ವಿಷಯವನ್ನೇ ನೋಡಿ. ಅಂದರೆ ಒಂದೇ ಶ್ರೇಣಿಯಲ್ಲಿ, ಅಷ್ಟೇ ವರ್ಷ ಸೇವೆ ಮಾಡಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ ಒಂದೇ ಪಿಂಚಣಿ. 2013ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ರೇವಾರಿಯಲ್ಲಿ ಮಾಜಿ ಸೈನಿಕರ ದೊಡ್ಡ ಸಭೆಯ ಮುಂದೆ, ಆಗ ಬಿಜೆಪಿಯ ಪ್ರಧಾನಿ ಅಭ್ಯರ್ಥಿಯಾಗಿದ್ದ ಮೋದಿ ಇದನ್ನು ಎತ್ತಿದರು. 2014ರ ಫೆಬ್ರವರಿಯಲ್ಲಿ, ಚುನಾವಣೆ ಹತ್ತಿರ ಬಂದಾಗ, ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ ಇದಕ್ಕೆ 500 ಕೋಟಿ ರೂಪಾಯಿ ತೆಗೆದಿಟ್ಟಿತು. ಆಗ ಎರಡೂ ಕಡೆಯವರಿಗೆ ಸೈನಿಕರು ಬೇಕಿತ್ತು.

2015ರಲ್ಲಿ ಅದೇ ಬೇಡಿಕೆ ಹಿಡಿದು ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಭದ್ರತೆ ಅಂತ ಪೊಲೀಸರು ಎಬ್ಬಿಸಲು ಬಂದರು. ಎದೆ ಮೇಲೆ ಪದಕ ಹಾಕಿಕೊಂಡ ವಯಸ್ಸಾದವರನ್ನು ಎಳೆದಾಡಿದರು. ಅದನ್ನು ಟಿವಿಯಲ್ಲಿ ನೋಡಿದ ಸಂಕಟ ನನಗೆ ಇನ್ನೂ ಹೋಗಿಲ್ಲ. ಅದೇ ದಿನ ರಾಹುಲ್ ಗಾಂಧಿ ಬಂದಾಗ ಅವರಿಗೂ ಕೆಲವರು 'ವಾಪಸ್ ಹೋಗಿ' ಎಂದು ಕೂಗಿದರು. ಪಕ್ಷಕ್ಕಾಗಿ ಕೂತವರು ಹಾಗೆ ಮಾಡ್ತಾರಾ?

ಸುಮ್ನಿರುವ ಸೈನಿಕನಿಗೆ ಎಲ್ಲರೂ ಹಾರ ಹಾಕುತ್ತಾರೆ. ಲೆಕ್ಕ ಕೇಳಿದರೆ ಮೊದಲು ನೋಡೋದು ಅವನು ಯಾರ ಕಡೆ ಅಂತ. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ. ಜವಾನರು ಹೆಚ್ಚಾಗಿ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಮಕ್ಕಳು ಇನ್ನೂ ಓದುತ್ತಿರುತ್ತಾರೆ. ಪಿಂಚಣಿ ಅವರಿಗೆ ಮನೆ ಖರ್ಚಿನ ಪ್ರಶ್ನೆ.

ಕೇಂದ್ರ ಸರ್ಕಾರದ 2015ರ ನವೆಂಬರ್ ಆದೇಶದ ಪ್ರಕಾರ ಈ ಪಿಂಚಣಿಯ ಪರಿಷ್ಕರಣೆ 5 ವರ್ಷಕ್ಕೊಮ್ಮೆ. ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಒಪ್ಪಿತು. ಚಿಕ್ಕಪ್ಪನ ತಕರಾರು ಅದರ ಮೇಲಿದ್ದರೆ, ಮೊತ್ತ ಮತ್ತು ನಿಯಮ ಸಮೇತ ಮತ್ತೆ ಬರೆಯಲು ಹೇಳಿ. ಖಂಡಿತ ನಿಲ್ಲಿಸಬಾರದು.