ತೊಗರಿ ಕಟ್ಟಿಗೆ ಬದನೆ ಸಾಲಿಗೆ ಹೊದಿಸಬಹುದಾ? ಧಾರಾಳವಾಗಿ

ನಮಸ್ಕಾರ ರೀ. ಆಳಂದ ಕಡೆ ಎರೆ (ಕಪ್ಪು ಮಣ್ಣಿನ) ಹೊಲ, ಬೋರ್‌ನಲ್ಲಿ ನೀರು ಕಡಿಮೆ, ಬದನೆಗೆ ತೊಗರಿ ಕಟ್ಟಿಗೆ ಹೊದಿಸಿದರೆ ಗೊಬ್ಬರದ ಸತ್ವ ಎಳೆದುಕೊಳ್ಳುತ್ತಾ ಅಂತ ಕೇಳಿದ್ದೀರಿ. ಮೇಲೆ ಹಾಸಿದರೆ ಆ ಭಯ ಬೇಡ. ಮಣ್ಣಲ್ಲಿ ಬೆರೆಸಿದರೆ ಮಾತ್ರ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾರಜನಕ ಬಳಸಿಕೊಂಡು ಗಿಡ ಹಳದಿ ಆಗುತ್ತದೆ.

ಆದರೆ ಇಡೀ ಕಟ್ಟಿಗೆ ಹಾಸಬೇಡಿ. ಸಂದಿ ಉಳಿದು ಬಿಸಿಲು ನೇರ ಮಣ್ಣಿಗೆ ಬೀಳುತ್ತದೆ. ಪುಡಿ ಮಾಡುವ ಮಷೀನ್ ಬಾಡಿಗೆಗೆ ಸಿಕ್ಕರೆ ಬೆರಳುದ್ದ ಕತ್ತರಿಸಿ. ಇಲ್ಲದಿದ್ದರೆ ಉದುರಿದ ತೊಗರಿ ಎಲೆ, ಕಬ್ಬಿನ ರವದಿ (ಒಣ ಎಲೆ) ಸಾಕು. ಹೊಟ್ಟು ಮಾತ್ರ ದನಗಳಿಗೇ ಇರಲಿ.

ಮೊದಲು ನೀರು ಬಿಟ್ಟು, ಮಣ್ಣು ಹಸಿ ಇರುವಾಗ 2–3 ಇಂಚು ದಪ್ಪ ಹಾಸಿ. ಡ್ರಿಪ್ ಪೈಪ್ ಹೊದಿಕೆಯ ಕೆಳಗಿರಲಿ. ಬುಡದಿಂದ ನಾಲ್ಕು ಬೆರಳು ಬಿಡಿ, ತಾಗಿದರೆ ಬುಡ ಕೊಳೆಯುತ್ತದೆ, ಗೆದ್ದಲೂ ಹತ್ತಬಹುದು. ಏಪ್ರಿಲ್ ಬಿಸಿಲಿಗೆ ನಮ್ಮ ಎರೆ ಮಣ್ಣು ಕೈ ಇಳಿಯುವಷ್ಟು ಬಿರಿಯುತ್ತದೆ ಅಲ್ವಾ, ಆ ಬಿರುಕಿನಿಂದಲೇ ಎಷ್ಟೋ ತೇವ ಹಾರಿಹೋಗುತ್ತದೆ. ಹೊದಿಸಿದ ಮೇಲೆ, ನೀರು ಬಿಡುವ ಮುನ್ನ ಹೊದಿಕೆ ಸರಿಸಿ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿ. ತಂಪಾಗಿದ್ದು ಉಂಡೆ ಕಟ್ಟಿದರೆ ಅವತ್ತು ಸುಮ್ನೆ ಮೋಟಾರ್ ಹಾಕಬೇಡಿ.

ಒಂದು ವಿಷಯದಲ್ಲಿ ದಯವಿಟ್ಟು ಹುಷಾರು. ನೆಟೆ ರೋಗದಿಂದ ಒಣಗಿದ ತೊಗರಿ ಗಿಡವನ್ನು ಮುಂದೆ ತೊಗರಿ ಬಿತ್ತುವ ಹೊಲಕ್ಕೆ ಹಾಸಬೇಡಿ. ಆ ರೋಗ ತರುವ ಶಿಲೀಂಧ್ರ ಬೇರು, ಕಟ್ಟಿಗೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅಂಥವನ್ನು ಮಾತ್ರ ಬೇರು ಸಮೇತ ಕಿತ್ತು ಸುಡಿ.

ಮಳೆಗಾಲದಲ್ಲಿ ಸಾಲಲ್ಲಿ ನೀರು ನಿಂತರೆ ಹೊದಿಕೆ ಪಕ್ಕಕ್ಕೆ ಸರಿಸಿ, ಮೊದಲು ನೀರು ಬಸಿದು ಹೋಗಲು ದಾರಿ ಮಾಡಿ.