ಡಾಕ್ಟ್ರೇ, ಚರೆ ಒಳಗೇ ಬಿಟ್ಟಿದ್ದಾರೆ!

ಹೋದ ತಿಂಗಳು ಈ ಅಂಕಣದಲ್ಲಿ ಮೈಯೊಳಗೆ ಚುಚ್ಚಿಕೊಂಡ ಗಾಯಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮಲೆನಾಡು ಕಡೆಯವೇ ಜಾಸ್ತಿ, ಅವುಗಳಲ್ಲೂ ಕೋವಿಯ ಮಾತೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಮ್ಮ ಭಾವನಿಗೆ ತೋಟದಲ್ಲಿ ಅಕಸ್ಮಾತ್ ಈಡು ತಗುಲಿ ತೊಡೆಗೆ ಹನ್ನೊಂದು ಚರೆ (ಕೋವಿಯಿಂದ ಚದುರಿ ಬರುವ ಸಣ್ಣ ಗುಂಡು) ಹೊಕ್ಕಿದ್ದವು. ಆಸ್ಪತ್ರೆಯಲ್ಲಿ ನಾಲ್ಕು ಮಾತ್ರ ತೆಗೆದು, ಉಳಿದದ್ದು ಇರಲಿ ಬಿಡಿ ಎಂದು ಮನೆಗೆ ಕಳಿಸಿದರು. ಸೀಸ ವಿಷ ಅಲ್ವಾ ಡಾಕ್ಟ್ರೇ? ದೊಡ್ಡ ಆಸ್ಪತ್ರೆಗೆ ಹೋಗಿ ತೆಗೆಸಬೇಕಾ? (ಮೂಡಿಗೆರೆ ಕಡೆಯ ಓದುಗರು)

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಗುಂಡು ತೆಗೆದರೇನೇ ರೋಗಿ ಬದುಕುತ್ತಾನೆ ಎಂದು ಸಿನಿಮಾ ನೋಡಿ ನೋಡಿ ನಮ್ಮೆಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಆದರೆ ಕೆಡುಕು ಮಾಡುವುದು ಗುಂಡು ಸಾಗಿಹೋದ ದಾರಿ. ಆ ದಾರಿಯಲ್ಲಿ ಹರಿದ ರಕ್ತನಾಳ, ತೂತಾದ ಕರುಳು, ಮುರಿದ ಮೂಳೆ ಇವನ್ನು ಸರಿಮಾಡುವುದೇ ಚಿಕಿತ್ಸೆ. ಮಾಂಸಖಂಡದಲ್ಲಿ ನಿಂತುಬಿಟ್ಟ ಚರೆಯ ಸುತ್ತ ದೇಹವೇ ಒಂದು ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ, ಬಹಳ ಜನರಲ್ಲಿ ಅದು ಜೀವನಪೂರ್ತಿ ಸುಮ್ಮನೆ ಇರುತ್ತದೆ. ಅದನ್ನು ಹುಡುಕಿಕೊಂಡು ಕೊಯ್ಯುತ್ತಾ ಹೋದರೆ ಗುಂಡು ಮಾಡದ ಹಾನಿಯನ್ನು ಕತ್ತಿ ಮಾಡುತ್ತದೆ.

ಇದಕ್ಕೆ ಅಮೆರಿಕದ ಇಬ್ಬರು ಅಧ್ಯಕ್ಷರ ಕಥೆ ಹೇಳಲೇಬೇಕು. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಜೇಮ್ಸ್ ಗಾರ್ಫೀಲ್ಡ್ ಅವರ ಬೆನ್ನಿಗೆ ಗುಂಡು ಬಿತ್ತು. ಡಾಕ್ಟರುಗಳು ಒಬ್ಬರಾದ ಮೇಲೊಬ್ಬರು ತೊಳೆಯದ ಬೆರಳನ್ನು ಗಾಯದೊಳಗೆ ಹಾಕಿ ಗುಂಡು ಹುಡುಕಿದರು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕೂಡ ಲೋಹ ಪತ್ತೆ ಮಾಡುವ ಯಂತ್ರ ತಂದು ಹುಡುಕಿದರು, ಸಿಗಲಿಲ್ಲ. ಗಾಯ ಕೀವಾಯಿತು, ಮೈಯೆಲ್ಲ ನಂಜೇರಿತು, ಸೆಪ್ಟೆಂಬರ್ 19ಕ್ಕೆ ತೀರಿಕೊಂಡರು. ಆಮೇಲೆ ಹೆಣ ಕೊಯ್ದು ನೋಡಿದರೆ ಗುಂಡು ಇವರು ಹುಡುಕಿದ ಜಾಗದಲ್ಲೇ ಇರಲಿಲ್ಲ, ಇನ್ನೊಂದು ಪಕ್ಕದಲ್ಲಿ ಪೊರೆ ಕಟ್ಟಿಕೊಂಡು ತೆಪ್ಪಗೆ ಕೂತಿತ್ತು. ಅಲ್ಲಿಂದ 31 ವರ್ಷಕ್ಕೆ, 1912ರಲ್ಲಿ, ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ಎದೆಗೆ ಗುಂಡು ಬಿತ್ತು. ಜೇಬಿನಲ್ಲಿ ಮಡಚಿಟ್ಟಿದ್ದ ಭಾಷಣದ ಹಾಳೆಗಳೂ ಕನ್ನಡಕದ ಪೆಟ್ಟಿಗೆಯೂ ಅದರ ವೇಗ ಮುರಿದವು. ಎಕ್ಸ್‌ರೇ ತೆಗೆದು ನೋಡಿದ ಡಾಕ್ಟರುಗಳು ಅದನ್ನು ಇದ್ದಲ್ಲೇ ಬಿಟ್ಟರು. ರೂಸ್‌ವೆಲ್ಟ್ ಆರು ವರ್ಷಕ್ಕಿಂತ ಹೆಚ್ಚು ಕಾಲ ಗುಂಡು ಎದೆಯಲ್ಲಿಟ್ಟುಕೊಂಡೇ ಬದುಕಿದರು.

ಹಾಗಂತ ಎಲ್ಲವನ್ನೂ ಬಿಡುತ್ತೇವೆ ಎಂದಲ್ಲ. ಮಂಡಿ, ಸೊಂಟ, ಭುಜದಂಥ ಕೀಲಿನೊಳಗೆ ಗುಂಡು ಸೇರಿದ್ದರೆ ತೆಗೆಯಲೇಬೇಕು, ಯಾಕೆಂದರೆ ಕೀಲಿನ ನೀರಿನಲ್ಲಿ ಸೀಸ ಕರಗಿ ರಕ್ತಕ್ಕೆ ಸೇರುತ್ತದೆ. ಕಣ್ಣಿನೊಳಗೆ, ರಕ್ತನಾಳದೊಳಗೆ, ಬೆನ್ನುಹುರಿಯ ಕೊಳವೆಯಲ್ಲಿ ಇದ್ದರೂ ವಿಷಯ ಬೇರೆ. ಚರ್ಮದ ಕೆಳಗೇ ಕೈಗೆ ಸಿಕ್ಕಿ ನೋಯಿಸುವಂಥದ್ದನ್ನು ತೆಗೆಯುವುದು ಸುಲಭ, ನಿಮ್ಮ ಭಾವನಿಗೆ ತೆಗೆದ ನಾಲ್ಕು ಅಂಥವೇ ಇರಬೇಕು. ಇನ್ನೊಂದು ವಿಷಯ ಇದೆ. ತೀರಾ ಹತ್ತಿರದಿಂದ ತೋಟಾ ಕೋವಿಯ ಈಡು ಬಿದ್ದಿದ್ದರೆ ಚರೆಯ ಜೊತೆ ತೋಟಾದೊಳಗಿನ ಬಿರಡೆ, ಪಂಚೆಯ ಚೂರು ಎಲ್ಲ ಒಳಗೆ ಹೋಗಿರುತ್ತವೆ. ಕೀವಾಗುವುದು ಅದರಿಂದ, ಅದನ್ನು ಮಾತ್ರ ಬಿಡುವ ಹಾಗಿಲ್ಲ.

ಸೀಸದ ಪ್ರಶ್ನೆ ಕೇಳಿದ್ದು ಸರಿಯಾಗಿಯೇ ಇದೆ. ಚರೆಗಳ ಸಂಖ್ಯೆ ಜಾಸ್ತಿ ಇದ್ದಾಗ, ಮೂಳೆ ಮುರಿದಿದ್ದಾಗ ರಕ್ತದಲ್ಲಿ ಸೀಸದ ಪ್ರಮಾಣ ನೋಡಿಸುವುದು ಒಳ್ಳೆಯದು. ಮುಂದೆ ಯಾವತ್ತಾದರೂ ಕಾರಣವಿಲ್ಲದೆ ಹೊಟ್ಟೆ ಹಿಂಡಿದ ಹಾಗೆ ನೋವು, ಸುಸ್ತು, ರಕ್ತಹೀನತೆ ಕಂಡರೆ ‘ನನ್ನ ತೊಡೆಯಲ್ಲಿ ಚರೆ ಇದೆ’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಎಂ.ಆರ್.ಐ. ಮಾಡಿಸುವ ಮೊದಲೂ ಹೇಳಬೇಕು, ಆ ಯಂತ್ರವೇ ಒಂದು ದೊಡ್ಡ ಅಯಸ್ಕಾಂತ. ಸೀಸಕ್ಕೆ ಅಯಸ್ಕಾಂತ ಹತ್ತುವುದಿಲ್ಲ, ಆದರೆ ಕೆಲವು ಚರೆಗಳು ಉಕ್ಕಿನವು. ಆ ಎಕ್ಸ್‌ರೇ ಫಿಲ್ಮ್ ಎಸೆಯದೆ ಜೋಪಾನವಾಗಿ ಇಡಿ.

ಪ್ರಶ್ನೆ: ನಮ್ಮ ಲೈನ್ ಮನೆಯ ಹುಡುಗನಿಗೆ ತೋಡಿನ ಹತ್ತಿರ ಈಡು ಬಿದ್ದಾಗ ಕಾಫಿ ಪುಡಿ ಒತ್ತಿ, ಟವೆಲ್ ಸುತ್ತಿ ಜೀಪಿನಲ್ಲಿ ಕರೆದೊಯ್ದೆವು. ಬದುಕಿದ. ನಾವು ಮಾಡಿದ್ದು ಸರಿಯಾ? (ಸಕಲೇಶಪುರ)

ಉತ್ತರ: ಟವೆಲ್ ಸರಿ, ಜೀಪು ಸರಿ, ಕಾಫಿ ಪುಡಿ ಬೇಡವಾಗಿತ್ತು. ರಕ್ತ ನಿಲ್ಲುವುದು ಒತ್ತಿದ್ದರಿಂದ, ಪುಡಿಯಿಂದಲ್ಲ. ಅರಿಶಿನ, ಸೊಪ್ಪಿನ ರಸ, ಇದ್ದಿಲು ಯಾವುದೂ ಬೇಡ, ಆಮೇಲೆ ಅದನ್ನೆಲ್ಲ ಗಾಯದಿಂದ ತೊಳೆದು ತೆಗೆಯುವುದೇ ಒಂದು ಕೆಲಸವಾಗುತ್ತದೆ.

ಶುದ್ಧವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಜೋರಾಗಿ ಒತ್ತಿ ಹಿಡಿಯಿರಿ. ನಿಂತಿತಾ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ಕೈಕಾಲಿನ ಗಾಯದಲ್ಲಿ ರಕ್ತ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯದಿಂದ ನಾಲ್ಕು ಬೆರಳು ಮೇಲೆ ಅಗಲದ ಬಟ್ಟೆ ಕಟ್ಟಿ, ಒಂದು ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ. ಕಟ್ಟಿದ ಹೊತ್ತನ್ನು ಬರೆದಿಡಿ, ಇದು ಮುಖ್ಯ, ಎರಡು ಗಂಟೆ ದಾಟಿದರೆ ಕಾಲಿಗೇ ಅಪಾಯ ಶುರುವಾಗುತ್ತದೆ. ತೆಳ್ಳನೆಯ ದಾರ, ವೈರ್ ಬಳಸಬೇಡಿ. ಮೈಯಲ್ಲಿ ಚಾಕು, ಸರಳು, ಗೂಟ ಏನೇ ನೆಟ್ಟಿರಲಿ, ಕೀಳಬೇಡಿ. ಎಷ್ಟೋ ಸಲ ಒಳಗೆ ಹರಿದ ರಕ್ತನಾಳಕ್ಕೆ ಅದೇ ಬಿರಡೆಯಾಗಿರುತ್ತದೆ, ಅದು ಅಲುಗಾಡದ ಹಾಗೆ ಸುತ್ತ ಬಟ್ಟೆ ಒತ್ತಿ ಕಟ್ಟಿ ಕರೆದುಕೊಂಡು ಬನ್ನಿ. ರಕ್ತ ಹೋದವರು ನೀರು ನೀರು ಎಂದು ಕೇಳುತ್ತಾರೆ, ಕೇಳಿದರೆ ಕರುಳು ಕಿತ್ತು ಬರುತ್ತದೆ, ಆದರೂ ಕುಡಿಸಬೇಡಿ, ಸ್ವಲ್ಪ ಹೊತ್ತಿಗೆ ಆಪರೇಷನ್ ಇರಬಹುದು. ತುಟಿ ಒದ್ದೆ ಮಾಡಿ ಸಾಕು. ಕಂಬಳಿ ಹೊದೆಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೇ ಕಡಿಮೆಯಾಗುತ್ತದೆ, ಮಲೆನಾಡಿನ ಮಳೆಯಲ್ಲಿ ಇದು ಸಣ್ಣ ವಿಷಯವಲ್ಲ.

ಪ್ರಶ್ನೆ: ಕೋವಿ ಗಾಯ ಅಂದರೆ ಪೊಲೀಸ್ ಕೇಸ್ ಆಗುತ್ತದೆ, ಅದಿಲ್ಲದೆ ಆಸ್ಪತ್ರೆಯವರು ಮುಟ್ಟುವುದಿಲ್ಲ ಎನ್ನುತ್ತಾರೆ. ನಿಜವೇ? (ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಹೆಸರು ಯಾಕೆ ಬೇಡ ಎಂದಿದ್ದೀರಿ ಎಂಬುದು ನನಗೆ ಗೊತ್ತಾಗುತ್ತದೆ. ರಾತ್ರಿ ಹಂದಿ ಶಿಕಾರಿಗೆ ಹೋಗಿ, ಪೊದೆ ಅಲುಗಿದ್ದು ಹಂದಿಯೇ ಎಂದುಕೊಂಡು ಜೊತೆಗಾರನಿಗೇ ಹೊಡೆದ ಪ್ರಸಂಗಗಳು ನಮ್ಮ ಕಡೆ ನಡೆಯುತ್ತವೆ. ಹೆದರಿ ಬೆಳಗಿನವರೆಗೆ ಮನೆಯಲ್ಲೇ ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಆರು ಗಂಟೆ ತಡವಾಗಿ ಬಂದ ಒಬ್ಬ ಹುಡುಗನ ಕಾಲು ಉಳಿಸಲು ನಮ್ಮಿಂದ ಆಗಲಿಲ್ಲ. ರಕ್ತನಾಳ ಹರಿದಿತ್ತು ಅಷ್ಟೇ, ಬೇಗ ಬಂದಿದ್ದರೆ ಹೊಲಿಯಬಹುದಿತ್ತು. ಇವತ್ತಿಗೂ ಅವನ ಅಮ್ಮನ ಮುಖ ನನ್ನ ಕಣ್ಣೆದುರಿಗೆ ಇದೆ.

ಕಾನೂನು ಸ್ಪಷ್ಟವಾಗಿದೆ. ಸ್ಕೂಟರ್ ಸವಾರನೊಬ್ಬ ಅಪಘಾತದಲ್ಲಿ ಗಾಯಗೊಂಡಾಗ, ಪೊಲೀಸ್ ಕೇಸುಗಳನ್ನು ಇಲ್ಲಿ ನೋಡುವುದಿಲ್ಲ ಎಂದು ಹೇಳಿ 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿದ್ದರು, ದಾರಿಯಲ್ಲೇ ಆತ ತೀರಿಕೊಂಡ. ಅದರಿಂದ ಹುಟ್ಟಿದ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ: ಸರ್ಕಾರಿಯಾಗಲಿ ಖಾಸಗಿಯಾಗಲಿ ಡಾಕ್ಟರ ಮೊದಲ ಕೆಲಸ ಜೀವ ಉಳಿಸುವುದು, ಪೊಲೀಸ್ ವಿಧಿವಿಧಾನಗಳಿಗೆ ಕಾಯಬಾರದು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರ ಜವಾಬ್ದಾರಿ, ಅದನ್ನು ಅವರು ಮಾಡಿಯೇ ಮಾಡುತ್ತಾರೆ. ನೀವು ಮೊದಲು ಠಾಣೆಗೆ ಹೋಗಿ ಚೀಟಿ ತರಬೇಕಾಗಿಲ್ಲ. ನನ್ನದೊಂದೇ ಬೇಡಿಕೆ, ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ. ಬೇಲಿ ಮೇಲೆ ಬಿದ್ದ ಎಂದರೆ ನಾವು ಬೇಲಿಯ ಗಾಯ ಹುಡುಕುತ್ತಾ ಕೂರುತ್ತೇವೆ. ಯಾವ ಕೋವಿ, ಎಷ್ಟು ದೂರದಿಂದ, ಎಷ್ಟು ಹೊತ್ತಿಗೆ ಎಂದು ಹೇಳಿ. ರಕ್ತ ಹತ್ತಿದ ಅಂಗಿ ಎಸೆಯಬೇಡಿ, ತೊಳೆಯಬೇಡಿ, ಕಾಗದದಲ್ಲಿ ಸುತ್ತಿ ತನ್ನಿ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಗುಂಡೇಟು ತಿಂದವರೊಬ್ಬರನ್ನು ಸಿ.ಟಿ. ಸ್ಕ್ಯಾನ್ ಕೂಡ ಮಾಡಿಸದೆ ನೇರ ಆಪರೇಷನ್ ಥಿಯೇಟರಿಗೆ ಒಯ್ದರು. ಹೀಗೂ ಮಾಡಬಹುದಾ ಸರ್? (ಹಾಸನ)

ಉತ್ತರ: ಮಾಡಬಹುದು ಮಾತ್ರವಲ್ಲಮ್ಮ, ಕೆಲವರಿಗೆ ಹಾಗೇ ಮಾಡಬೇಕು. ಬಿಪಿ ಬೀಳುತ್ತಿರುವವರನ್ನು ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋದರೆ ಅಲ್ಲೇ ಕಳೆದುಕೊಳ್ಳುತ್ತೇವೆ. ಉಸಿರಿನ ದಾರಿ, ಉಸಿರಾಟ, ರಕ್ತಸ್ರಾವ, ಪ್ರಜ್ಞೆ ಇಷ್ಟನ್ನು ಮೊದಲ ಕೆಲವೇ ನಿಮಿಷದಲ್ಲಿ ನೋಡಿ, ಆಮೇಲೆ ಬಟ್ಟೆ ಪೂರ್ತಿ ಬಿಚ್ಚಿ ಮೈಯ ಹಿಂದೆ ಮುಂದೆ, ಕಂಕುಳು, ತೊಡೆಸಂದು, ತಲೆಗೂದಲಿನೊಳಗೆ ಕೂಡ ಹುಡುಕಬೇಕು. ಕಣ್ಣಿಗೆ ಬಿದ್ದ ಒಂದು ತೂತಿನ ಹಿಂದೆ ಓಡಿದರೆ ಬೆನ್ನಿನ ತೂತು ತಪ್ಪಿಹೋಗುತ್ತದೆ. ಒಂದು ಸುಲಭ ಲೆಕ್ಕ ನೆನಪಿಡಿ: ಮೈಮೇಲಿನ ತೂತುಗಳೂ ಎಕ್ಸ್‌ರೇಯಲ್ಲಿ ಕಂಡ ಗುಂಡುಗಳೂ ಸೇರಿ ಸಮಸಂಖ್ಯೆ ಬರಬೇಕು. ಬೆಸ ಬಂದರೆ ಸಾಮಾನ್ಯವಾಗಿ ಏನೋ ತಪ್ಪಿದೆ, ಮತ್ತೆ ಹುಡುಕಿ. ಚರೆಯ ಗಾಯಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಕೇಸ್ ಶೀಟಿನಲ್ಲಿ ‘ಒಳಹೊಕ್ಕ ಗಾಯ’, ‘ಹೊರಬಂದ ಗಾಯ’ ಎಂದು ಊಹಿಸಿ ಬರೆಯಬೇಡಿ, ಸಣ್ಣದು ಒಳಹೊಕ್ಕದ್ದು, ದೊಡ್ಡದು ಹೊರಬಂದದ್ದು ಎಂಬ ಮಾತು ಎಷ್ಟೋ ಸಲ ಸುಳ್ಳಾಗುತ್ತದೆ. ಎಲ್ಲಿ, ಎಷ್ಟು ದೊಡ್ಡದು, ಅಂಚು ಹೇಗಿದೆ ಎಂದು ಬರೆಯಿರಿ.

ಮೊಲೆತೊಟ್ಟಿನ ಮಟ್ಟದಿಂದ ಕೆಳಗಿನ ಎದೆ ಗಾಯವನ್ನು ಹೊಟ್ಟೆಯ ಗಾಯವೂ ಹೌದು ಎಂದೇ ತಿಳಿಯಬೇಕು, ಉಸಿರು ಬಿಟ್ಟಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಅಷ್ಟು ಮೇಲಕ್ಕೆ ಬರುತ್ತದೆ. ಎದೆಗೆ ಬಿದ್ದ ಗಾಯಗಳಲ್ಲಿ ಹೆಚ್ಚಿನವಕ್ಕೆ ಎದೆ ತೆರೆಯುವ ಆಪರೇಷನ್ ಬೇಕಾಗುವುದಿಲ್ಲ, ಪಕ್ಕೆಲುಬಿನ ನಡುವೆ ಒಂದು ನಳಿಕೆ ಹಾಕಿ ಗಾಳಿ, ರಕ್ತ ಹೊರಬಿಟ್ಟರೆ ಶ್ವಾಸಕೋಶ ತಾನೇ ಅರಳುತ್ತದೆ. ಹಾಕಿದ ಕೂಡಲೇ 1,500 ಮಿಲಿಲೀಟರಿನಷ್ಟು ರಕ್ತ ಬಂದರೆ ಸರ್ಜನ್ ಓಡಿ ಬರಬೇಕು. ಡ್ರಿಪ್ ವಿಷಯದಲ್ಲೂ ಹಳೆಯ ಅಭ್ಯಾಸ ಬದಲಾಗಿದೆ. ಬಾಟಲಿ ಮೇಲೆ ಬಾಟಲಿ ಸುರಿದರೆ ಇರುವ ರಕ್ತವೂ ತೆಳುವಾಗುತ್ತದೆ, ಹೋದದ್ದು ರಕ್ತ, ಕೊಡಬೇಕಾದದ್ದೂ ರಕ್ತವೇ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಎಂಬ ಅಗ್ಗದ ಇಂಜೆಕ್ಷನ್ ಇದೆ. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದಲ್ಲಿ 20,000ಕ್ಕೂ ಹೆಚ್ಚು ಗಾಯಾಳುಗಳಲ್ಲಿ ಇದನ್ನು ಪರೀಕ್ಷಿಸಿದರು, ಭಾರತದವರೂ ಅದರಲ್ಲಿದ್ದರು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ, ತಡವಾದರೆ ತೊಂದರೆಯೇ ಆಗಬಹುದು. ತಾಲ್ಲೂಕು ಆಸ್ಪತ್ರೆಯಲ್ಲೇ ಇದನ್ನು ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳಿಸಿ ಎಂದು ನಾನು ಕಂಡ ಡಾಕ್ಟರಿಗೆಲ್ಲ ಹೇಳುತ್ತಿರುತ್ತೇನೆ.

ಪ್ರಶ್ನೆ: ಹೋರಿ ಹಬ್ಬದಲ್ಲಿ ತಮ್ಮನ ಹೊಟ್ಟೆಗೆ ಕೊಂಬು ತಿವಿಯಿತು. ಎರಡು ಹೊಲಿಗೆ ಹಾಕಿಸಿಕೊಂಡು ಬಂದ. ಈಗ ಮೂರನೇ ದಿನಕ್ಕೆ ಜ್ವರ, ಹೊಟ್ಟೆ ಉಬ್ಬರ. (ಹಾವೇರಿ)

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ, ಇವತ್ತೇ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ ಎಂದಿದ್ದೆ. ಹೋಗಿದ್ದಾರೆ, ಕರುಳಿನಲ್ಲಿ ತೂತಿತ್ತು, ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಉಳಿದವರಿಗಾಗಿ ಬರೆಯುತ್ತೇನೆ. ಹೋರಿ ತಿವಿದು ಸುಮ್ಮನಿರುವುದಿಲ್ಲ, ತಲೆ ಎತ್ತಿ ತಿರುವುತ್ತದೆ. ಹೊರಗೆ ಎರಡು ಹೊಲಿಗೆಯ ತೂತು, ಒಳಗೆ ಒಂದು ಗೇಣು ಹರಿದಿರಬಹುದು, ಜೊತೆಗೆ ಮಣ್ಣು, ಸಗಣಿ. ಇಂಥ ಗಾಯವನ್ನು ಮೇಲೆ ಹೊಲಿದು ಮನೆಗೆ ಕಳಿಸಬಾರದು. ಸ್ಕ್ಯಾನ್ ಸರಿ ಇದ್ದರೂ ಕನಿಷ್ಠ ಒಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಗಂಟೆಗಂಟೆಗೂ ಹೊಟ್ಟೆ ಮುಟ್ಟಿ ನೋಡಬೇಕು. ಕರುಳು ಹೊರಬಂದಿದ್ದರೆ ಒಳಗೆ ತಳ್ಳಬೇಡಿ, ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆ ಮುಚ್ಚಿ ತನ್ನಿ. ಧನುರ್ವಾಯು ಇಂಜೆಕ್ಷನ್ ಐದು ವರ್ಷದೊಳಗೆ ತೆಗೆದುಕೊಂಡಿರದಿದ್ದರೆ ಮತ್ತೆ ಬೇಕು.

ಪ್ರಶ್ನೆ: ಮಂಗನ ಕಾಟಕ್ಕೆ ಏರ್‌ಗನ್ ತಂದಿದ್ದೇವೆ. ಹತ್ತು ವರ್ಷದ ಮಗ ಕೈಗೆ ಕೊಡಿ ಎನ್ನುತ್ತಾನೆ. ಅದು ಬರೀ ಗಾಳಿ ಅಲ್ವಾ? (ತೀರ್ಥಹಳ್ಳಿ)

ಉತ್ತರ: ಕೊಡಬೇಡಿ. ತಳ್ಳುವುದು ಗಾಳಿಯೇ, ಆದರೆ ಹೊರಗೆ ಹಾರುವುದು ನಾಲ್ಕೂವರೆ ಮಿಲಿಮೀಟರಿನ ಲೋಹ. ಅದು ಕಣ್ಣನ್ನು ತೂತು ಮಾಡುತ್ತದೆ, ಮಕ್ಕಳ ತೆಳ್ಳಗಿನ ತಲೆಬುರುಡೆ, ಪಕ್ಕೆಲುಬಿನ ಸಂದು ದಾಟಿ ಒಳಗೆ ಹೋಗಬಲ್ಲದು. ಯಾವ ಮಗುವಿಗೇ ಆಗಲಿ ಏರ್‌ಗನ್ ಗುಳಿಗೆ ತಲೆಗೆ, ಕತ್ತಿಗೆ, ಎದೆಗೆ, ಹೊಟ್ಟೆಗೆ ತಗುಲಿದರೆ, ಮೇಲೆ ಕಾಣುವುದು ಸಾಸಿವೆ ಕಾಳಿನಷ್ಟು ಗಾಯವಾದರೂ, ಆಟವಾಡಿಕೊಂಡೇ ಇದ್ದರೂ, ಆವತ್ತೇ ಎಕ್ಸ್‌ರೇ ಆಗಬೇಕು. ಕಣ್ಣಿಗೆ ತಗುಲಿದ್ದರೆ ಉಜ್ಜಬೇಡಿ, ತೊಳೆಯಬೇಡಿ, ಒತ್ತಿ ಕಟ್ಟಬೇಡಿ, ಕಣ್ಣಿನ ಮೇಲೆ ತಾಗದ ಹಾಗೆ ಒಂದು ಪೇಪರ್ ಲೋಟ ಕವುಚಿ ಅಂಟಿಸಿಕೊಂಡು ಕಣ್ಣಿನ ಆಪರೇಷನ್ ಮಾಡುವ ಆಸ್ಪತ್ರೆಗೆ ಹೊರಡಿ.