ಲಿಥಿಯಂ ಬಗ್ಗೆ ಇಲಿಗಳ ಮಾತನ್ನು ಎಷ್ಟು ನಂಬಬಹುದು?

ನಿಮ್ಮ ತಮ್ಮನ ಬೈಪೋಲಾರ್ ಕಾಯಿಲೆಗೆ, ಅಂದರೆ ಮನಸ್ಸು ಉನ್ಮಾದ ಮತ್ತು ಖಿನ್ನತೆಯ ನಡುವೆ ತೂಗಾಡುವ ಕಾಯಿಲೆಗೆ, ವೈದ್ಯರು ಲಿಥಿಯಂ ಬರೆದುಕೊಟ್ಟಿದ್ದಾರೆ, ಇಲಿಗಳ ಮೇಲೆ ಪರೀಕ್ಷಿಸಿದ ಔಷಧವನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ಕೆಲವು ವರ್ಷ ಪ್ರಯೋಗಾಲಯದಲ್ಲಿ ಇಲಿಗಳಿಗೆ ಲಿಥಿಯಂ ಬೆರೆಸಿದ ಆಹಾರ ಹಾಕಿದವಳು ನಾನು. ಧೈರ್ಯವಾಗಿ ಹೇಳುತ್ತೇನೆ, ಆ ಮಾತ್ರೆಯ ಮೇಲಿನ ನಂಬಿಕೆಗೆ ಆಧಾರ ಮನುಷ್ಯರೇ.

ಮೆಲ್ಬರ್ನ್ ಬಳಿಯ ಬುಂದೂರಾದ ಆಸ್ಪತ್ರೆಯಲ್ಲಿ ಮನೋವೈದ್ಯ ಜಾನ್ ಕೇಡ್, ಉನ್ಮಾದದ ರೋಗಿಗಳ ಮೂತ್ರದಲ್ಲಿ ವಿಷವಿರಬಹುದೆಂದು ಶಂಕಿಸಿ ಅದನ್ನು ಗಿನಿಪಿಗ್‌ಗಳಿಗೆ ಚುಚ್ಚಿ ನೋಡುತ್ತಿದ್ದರು. ಮೂತ್ರದಲ್ಲಿರುವ ಯೂರಿಕ್ ಆಮ್ಲವನ್ನೂ ಚುಚ್ಚಿ ನೋಡಬೇಕಿತ್ತು, ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು, ಅದರ ಲಿಥಿಯಂ ಲವಣ ಕರಗುತ್ತದೆ. ಲಿಥಿಯಂ ಅವರ ಕೈಗೆ ಬಂದದ್ದು ಹೀಗೆ. ಲಿಥಿಯಂ ಚುಚ್ಚಿದ ಮೇಲೆ ಪ್ರಾಣಿಗಳು ಬೆನ್ನ ಮೇಲೆ ಮಲಗಿಸಿದರೂ ಸುಮ್ಮನೆ ಬಿದ್ದಿದ್ದವು. ಅದು ನೆಮ್ಮದಿಯಲ್ಲ, ಲಿಥಿಯಂ ವಿಷವೇರಿದ ಮಂಕು ಇರಬಹುದು ಎಂದು ಆಮೇಲೆ ಹಲವರು ಹೇಳಿದರು. ಆದರೆ 1949ರಲ್ಲಿ ಕೇಡ್ ವರದಿ ಮಾಡಿದ ಉನ್ಮಾದದ ಹತ್ತು ರೋಗಿಗಳು ನಿಜಕ್ಕೂ ಚೇತರಿಸಿಕೊಂಡಿದ್ದರು. 1954ರಲ್ಲಿ ಡೆನ್ಮಾರ್ಕ್‌ನ ಮೊಗೆನ್ಸ್ ಷೌ ತಂಡ ರೋಗಿಗಳ ಮೇಲೆಯೇ ಕಟ್ಟುನಿಟ್ಟಾಗಿ ಪರೀಕ್ಷಿಸಿದ ಮೇಲೆ ಆ ಮಾತಿಗೆ ಗಟ್ಟಿ ನೆಲ ಸಿಕ್ಕಿತು.

ಇನ್ನು ಪ್ರಯೋಗಾಲಯದ ಇಲಿಗಳ ವಿಷಯ. ಇಲಿಗೆ ಆಂಫೆಟಮಿನ್ ಎಂಬ ಉತ್ತೇಜಕ ಚುಚ್ಚಿದರೆ ಪೆಟ್ಟಿಗೆಯೊಳಗೆ ಎಡೆಬಿಡದೆ ಓಡುತ್ತದೆ. ಲಿಥಿಯಂ ಆ ಓಟವನ್ನು ತಗ್ಗಿಸಿದರೆ ಉನ್ಮಾದ ತಗ್ಗಿತೆಂದು ಬರೆಯುತ್ತಾರೆ. ನನಗೆ ಇದು ಎಂದೂ ಒಪ್ಪಿಗೆಯಾಗಲಿಲ್ಲ. ತಳಿ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಮೇಲಾಗಿ ಲಿಥಿಯಂ ಇಲಿಗಳ ಹೊಟ್ಟೆ ತೊಳಸುತ್ತದೆ. ಹೊಟ್ಟೆ ಕೆಟ್ಟ ಪ್ರಾಣಿ ಓಡುವುದಾದರೂ ಹೇಗೆ? ಕ್ಲಾಕ್ ಎಂಬ ಜೀನ್ ಕೆಟ್ಟ ಇಲಿಗಳು ಇದಕ್ಕಿಂತ ವಾಸಿ. ಅವು ಕಡಿಮೆ ನಿದ್ರಿಸುತ್ತವೆ, ಅತಿಯಾಗಿ ಓಡಾಡುತ್ತವೆ, ಲಿಥಿಯಂ ಕೊಟ್ಟರೆ ಬಹುಮಟ್ಟಿಗೆ ಹತೋಟಿಗೆ ಬರುತ್ತವೆ ಎಂದು 2007ರಲ್ಲಿ ತೋರಿಸಿದರು. ಆದರೂ ಉನ್ಮಾದದಿಂದ ತಾನಾಗಿ ಖಿನ್ನತೆಗೆ ಜಾರಿ, ತಿಂಗಳುಗಟ್ಟಲೆ ಕುಗ್ಗಿ, ಮತ್ತೆ ಏಳುವ ಇಲಿಯನ್ನು ನಾನು ಕಂಡಿಲ್ಲ. ನಿಮ್ಮ ಮನೆಯವರನ್ನು ಹಣ್ಣು ಮಾಡಿರುವುದು ಆ ಏರಿಳಿತವೇ ಅಲ್ಲವೇ?

ಈಗ ನನ್ನ ಆಸೆಯೆಲ್ಲ ರೋಗಿಗಳ ಜೀವಕೋಶಗಳಿಂದ ಬೆಳೆಸಿದ ನರಕೋಶಗಳ ಮೇಲಿದೆ. 2015ರ ಒಂದು ಅಧ್ಯಯನದಲ್ಲಿ ಅಂಥ ನರಕೋಶಗಳು ಅತಿಯಾಗಿ ಮಿಡಿಯುತ್ತಿದ್ದವು. ಲಿಥಿಯಂ ಶಾಂತಗೊಳಿಸಿದ್ದು ಆ ಔಷಧದಿಂದ ಗುಣ ಕಂಡ ರೋಗಿಗಳ ಕೋಶಗಳನ್ನು ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕೂಡ ಕಾಯಿಲೆಯಿರುವ ಕುಟುಂಬಗಳೊಡನೆ ಈ ದಾರಿಯಲ್ಲಿ ಕೆಲಸ ಮಾಡಿವೆ.

ಒಂದು ವಿಷಯದಲ್ಲಿ ಮಾತ್ರ ಇಲಿಗಳ ಮಾತನ್ನು ಪೂರ್ತಿ ನಂಬಿ. ಲಿಥಿಯಂ ತಿಂದ ಇಲಿಗಳ ಗೂಡನ್ನು ಬೆಳಿಗ್ಗೆ ತೆರೆದರೆ ಕೆಳಗಿನ ಹೊಟ್ಟು ಒದ್ದೆಯಾಗಿ ಮುದ್ದೆಗಟ್ಟಿರುತ್ತಿತ್ತು, ನೀರಿನ ಬಾಟಲಿ ಬರಿದಾಗಿರುತ್ತಿತ್ತು. ಲಿಥಿಯಂ ಇದ್ದಾಗ ಮೂತ್ರಪಿಂಡ ನೀರನ್ನು ಸರಿಯಾಗಿ ಹಿಡಿದಿಡಲಾರದು. ದೇಹದಲ್ಲಿ ಉಪ್ಪು ಕುಗ್ಗಿದರೆ ಲಿಥಿಯಂ ಏರಿ ವಿಷವಾಗುತ್ತದೆಂದು ಪಕ್ಕದಲ್ಲೇ ಉಪ್ಪುನೀರಿನ ಇನ್ನೊಂದು ಬಾಟಲಿ ಸಿಕ್ಕಿಸುತ್ತಿದ್ದೆವು. ನಿಮ್ಮ ತಮ್ಮನ ಮೂತ್ರಪಿಂಡಕ್ಕೂ ಇದೇ ನಿಯಮ. ಊಟದಲ್ಲಿ ಉಪ್ಪನ್ನು ಏಕಾಏಕಿ ಬಿಡಿಸಬೇಡಿ. ವಾಂತಿ, ಭೇದಿಯಾದರೆ ಅಥವಾ ಕೈ ಜೋರಾಗಿ ನಡುಗಿದರೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಅವರು ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿ, ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಲಿ.